ಒಂದರಿಂದ ಐದು

ಸುಂಟಿಕೊಪ್ಪದ ಬೇಕರಿಯ ಮೇಲಿನ ಕೋಣೆ,
ಕಿವಿಗೆ ಹೆಡ್‌ಫೋನು, ಬಾಯಿಗೆ ಕಂಪನಿಯ ಮಾತು:
'ನಮಸ್ಕಾರ, ಹೂಬುಟ್ಟಿಯಿಂದ ರಝೀನಾ.'

ನಾಪೋಕ್ಲಿನಿಂದ ಬೊಳ್ಳಮ್ಮ.
ಹೂ ಬಂದದ್ದು ತಂಗಿಯ ಮಣ್ಣು ಮುಗಿದ ಮರುದಿನ,
ಬಿಳಿ ಸೇವಂತಿಗೆ ಕೇಳಿದ್ದಕ್ಕೆ ಕೆಂಪು ಗುಲಾಬಿ,
ಜೊತೆಗೊಂದು ಚೀಟಿ: ಶುಭವಿವಾಹ.

'ಕ್ಷಮಿಸಿ. ಮುಂದಿನ ಸಲಕ್ಕೆ ಹತ್ತು ಪರ್ಸೆಂಟು ಕಡಿತ.'
ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಆಕೆ ಬೈಯಲಿಲ್ಲ.
'ಮುಂದಿನ ಸಲ ನಂದೇ ಇರಬಹುದು' ಅಂದು ನಕ್ಕು
ಗುಲಾಬಿ ಬಾಡದ ಹಾಗೆ ಇಡೋದು ಹೇಗೆ, ಕೇಳಿದರು.
ದಂಟು ಓರೆಯಾಗಿ ಕೊಯ್ಯಿರಿ, ದಿನಾ ನೀರು ಬದಲಿಸಿ,
ಟೀವಿ ಮೇಲೆ ಇಡಬೇಡಿ...
ನಾಲ್ಕು ನಿಮಿಷದ ಕರೆ ಹನ್ನೊಂದಾಯಿತು.

'ನಮ್ಮ ಸೇವೆಗೆ ಒಂದರಿಂದ ಐದು ಒತ್ತಿ' ಅಂದರೆ
ಒಂದು, ಎರಡು, ಮೂರು, ನಾಲ್ಕು, ಐದು
ಎಲ್ಲ ಒತ್ತಿದರು, ನಿಧಾನಕ್ಕೆ.

ಮಿಷನ್ನು ಮೊದಲನೆಯದನ್ನಷ್ಟೇ ಹಿಡಿಯಿತು.