ದಿನ ಅನ್ನೋಣ

ಗ್ರಿಮ್ಸ್‌ಬಿಯ ಹೊಗೆಮನೆಯಲ್ಲಿ ಮೇಸ್ತ್ರಿ ಹಬರ್ಟ್ ಕ್ಲೀ
ಏಪ್ರನ್ನಿನ ಗಂಟು ಬಿಚ್ಚುತ್ತ ಅನ್ನುತ್ತಿದ್ದ:
ಕಾಲ್ ಇಟ್ ಎ ಡೇ.
ಹಾಗೆಂದರೆ ಸಾಕು, ಚಾಕು ತೊಳೆಯಿರಿ.

ಮುಳ್ಳು ಬಿಡಿಸಿದ ಹಾಗೆ ಮಾತು ಬಿಡಿಸಿದರೆ
ತಟ್ಟೆಯಲ್ಲಿ ಉಳಿಯುವುದು ಇಷ್ಟೇ:
ಇದನ್ನು ಒಂದು ದಿನ ಅನ್ನೋಣ.
ಅಲ್ಲಿಯವರೆಗೆ ಅದು ದಿನವಾಗಿರಲಿಲ್ಲವೇ?
ಹೆಸರಿಡದ ಕೂಸಿನಂತೆ
ಬೆಳಗಿನಿಂದ ನಮ್ಮ ಬೂಟುಗಳ ನಡುವೆ
ಅಂಬೆಗಾಲಿಡುತ್ತಿತ್ತೇ?

ಒಂದು ಗುರುವಾರ ಹನ್ನೊಂದಕ್ಕೇ ಅಂದುಬಿಟ್ಟ.
ಗಾಳಿ ಎದ್ದು ದೋಣಿ ಬಂದಿರಲಿಲ್ಲ.
ಅರ್ಧವನ್ನು ಇಡಿ ಎಂದು ಕರೆದ ಪುಣ್ಯಾತ್ಮ;
ಕೂಲಿಯ ಲಕೋಟೆ ಮಾತ್ರ
ಅರ್ಧವನ್ನು ಅರ್ಧವೆಂದೇ ಕರೆಯಿತು.

ರಾತ್ರಿಪಾಳಿಯ ಯೂನಿಸ್ ಅದನ್ನೇ ಬೆಳಗಿನ ಆರಕ್ಕೆ ಅನ್ನುತ್ತಾಳೆ,
ಹಾಲಿನ ಗಾಡಿ ಎದುರಾಗುವ ಹೊತ್ತಿಗೆ.
ಸೂರ್ಯನೇ ಇಲ್ಲದ ದಿನ ಅವಳದು.
ಅವಳ ಗಂಡ ಟೋಸ್ಟಿಗೆ ಬೆಣ್ಣೆ ಸವರುತ್ತ
ಸಂಸಾರಕ್ಕೂ ಅದೇ ಮಾತು ಅಂದನಂತೆ.
ಇಪ್ಪತ್ತೆರಡು ವರ್ಷ, ಕೂಡಿಸಿ ಕಳೆದು ಒಂದು ದಿನ!
ಅವಳು ನಕ್ಕಳಂತೆ. ಬೆಣ್ಣೆ ಫ್ರಿಜ್ಜಿಗಿಟ್ಟಳಂತೆ.

ಕುಸ್ತಿ ನಿಲ್ಲಿಸುವವರು, ಅಂಗಡಿ ಮುಚ್ಚುವವರು,
ಸೋತು ಇಸ್ಪೀಟೆಲೆ ಮಗುಚುವವರು
ಎಲ್ಲರ ಬಾಯಲ್ಲೂ ಸವೆದು ನುಣುಪಾದ ನಾಣ್ಯ ಅದು.

ಕಳೆದ ವಾರ ಹಬರ್ಟನ ಮಂಚದ ಸುತ್ತ ನಿಂತಿದ್ದೆವು.
ಮೂಗಿನಲ್ಲಿ ನಳಿಗೆ, ಕಿಟಕಿಯಲ್ಲಿ ಸಂಜೆ.
ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು
ನಾನು ಅವನ ತುಟಿಯನ್ನೇ ನೋಡಿದೆ.

ಅವನು ಕೇಳಿದ್ದು ಬೇರೆ:
ಒಲೆಗೆ ಯಾವ ಮರದ ಪುಡಿ ಹಾಕಿದಿರಿ, ಓಕ್ ತಾನೆ?

ಯೂನಿಸ್ ಏನೂ ಅನ್ನದೆ
ತನ್ನ ಕೋಟಿನ ತೋಳನ್ನು
ಅವನ ಮೂಗಿನ ಹತ್ತಿರ ಹಿಡಿದಳು.