ಎಡಕ್ಕೆ ವಾಲಿದ ಉಸಿರು

ಅಜ್ಜ ಎರ್ಮಿನಿಯು ಕುರ್ಚಿ ಎಳೆದುಕೊಂಡು
ನನ್ನ ಪರದೆಯ ಮುಂದೆ ಕೂತ.
ಅಂಗಿಯ ಚುಂಗಿನಲ್ಲಿ ಕನ್ನಡಕ ಒರೆಸಿದ.
"ಎಲ್ಲಿ, ತೋರಿಸು ನಿನ್ನ ಮೀನು."
ಮೀನಲ್ಲ ಅಜ್ಜ, ಎಂದೆ. ಅವನಿಗೇನು ಗೊತ್ತಿಲ್ಲವೇ.

ಮೂರು ತಿಂಗಳಿಂದ ಇದೇ ಕೆಲಸ:
ಯುದ್ಧವಿಮಾನದ ಆಟವೊಂದಕ್ಕೆ ಕಡಲು ತುಂಬುವುದು.
ವಿಮಾನದ ಮೊಳೆ ಮೊಳೆಯೂ ಅಲ್ಲಿ ಅಚ್ಚುಕಟ್ಟು,
ರೆಕ್ಕೆಯ ತುದಿಯ ಹಬೆ ಕೂಡ ಸರಿಯಾಗಿ ಸುರುಳಿ ಸುತ್ತುತ್ತದೆ;
ಕೆಳಗಿನ ನೀರು ಮಾತ್ರ
ತೊಳೆದು ಕವುಚಿದ ತಟ್ಟೆ.
ಡಾಲ್ಫಿನ್ ಬಿಟ್ಟೆ, ಬೂತಾಯಿಯ ಹಿಂಡು ಬಿಟ್ಟೆ,
ಹಿಂಡಿನ ಮೇಲೆ ಜಗಳಾಡುವ ಕಡಲಹಕ್ಕಿ ಬಿಟ್ಟೆ,
ಕೊನೆಗೆ ಕಶಲೋಟ್:
ನಮ್ಮ ಪಿಕೊ ದ್ವೀಪದ ಬುಡದ ಕತ್ತಲಲ್ಲಿ
ಬೊಂಡಾಸ ಹುಡುಕುವ, ಮೈಯ ಮೂರನೇ ಒಂದು ಪಾಲು ತಲೆಯೇ ಆದ ತಿಮಿಂಗಿಲ.

ನೀರು ಚಿಮ್ಮಿತು. ಅಜ್ಜ ತಲೆಯಾಡಿಸಿದ.
"ಇದು ಕಾರಂಜಿ. ನಗರಸಭೆಯವರು ಚೌಕದಲ್ಲಿ ಕಟ್ಟಿಸಿದ್ದು.
ಕಶಲೋಟಿನ ಮೂಗು ಎಡಗಡೆ, ಮಗಳೇ.
ಉಸಿರು ಮುಂದಕ್ಕೆ, ಎಡಕ್ಕೆ ವಾಲುತ್ತದೆ,
ಗಾಳಿಗೆ ಒಲೆಯ ಹೊಗೆ ವಾಲಿದ ಹಾಗೆ.
ಗಾಳಿ ಇಲ್ಲದ ದಿನವೂ."

ಮೂವತ್ತೊಂದು ವರ್ಷ
ಬಂಡೆಯ ನೆತ್ತಿಯ ಬಿಳಿ ಗೂಡಿನಲ್ಲಿ,
ಗೋಡೆಯ ಸೀಳಿಗೆ ದುರ್ಬೀನು ಒತ್ತಿ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನು.
ಕಾದದ್ದೂ ಎಣ್ಣೆಗೇ.
ಕಂಡೊಡನೆ ಒಂದು ಬಾಣ ಹಚ್ಚಿ ಹಾರಿಸುತ್ತಿದ್ದ;
ಕೆಳಗೆ ಊರು, ಬಾಯಿಗಿಟ್ಟ ತುತ್ತು ಬಿಟ್ಟು
ದೋಣಿಗೆ ಓಡುತ್ತಿತ್ತು.

"ಎಷ್ಟು ಹೊತ್ತು ಮುಳುಗಿರುತ್ತದೆ, ನಿನ್ನದು?"
ಎರಡು ನಿಮಿಷ.
"ಮುಕ್ಕಾಲು ಗಂಟೆ ಮಾಡು."
ಅಷ್ಟರಲ್ಲಿ ಆಡುವವನ ಇಂಧನ ಮುಗಿದಿರುತ್ತದೆ ಅಜ್ಜ,
ಯಾರೂ ನೋಡುವುದೇ ಇಲ್ಲ.
"ನೋಡದಿದ್ದರೆ ಬೇಡ. ನಾನೂ ಎಷ್ಟೋ ದಿನ ನೋಡಲಿಲ್ಲ.
ಅದು ಇರಲಿಲ್ಲವೇ?"

ಆಮೇಲೆ ಬಂತು ಆ ಖಾನೆ.
ಆಟದೊಳಗಿನ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಬೇಕು,
ಎಷ್ಟು ಪೆಟ್ಟಿಗೆ ಮುಗಿಯುತ್ತದೆ ಎಂದು.
ಲಾರಿಗಿದೆ, ಸೇತುವೆಗಿದೆ,
ಬಂದರಿನ ಮೂಲೆಯ ದೀಪದ ಕಂಬಕ್ಕೂ ಇದೆ.
ಖಾಲಿ ಬಿಟ್ಟರೆ ಆಟ ತೆರೆಯುವುದೇ ಇಲ್ಲ.
ಆಕಾಶದಿಂದ ಆ ಕಪ್ಪು ಬೆನ್ನು ಜಲಾಂತರ್ಗಾಮಿಯ ಹಾಗೇ;
ಯಾರಾದರೊಬ್ಬ ಹಾರಿಸಿಯೇ ಹಾರಿಸುತ್ತಾನೆ.

ಎಷ್ಟು ಹಾಕಲಿ? ಕೇಳಿಬಿಟ್ಟೆ.
ಕೇಳಿದ ಮೇಲೆ ಹೊಳೆಯಿತು,
ಯಾರನ್ನು ಕೇಳಿದೆ ಎಂದು.

ಅಜ್ಜ ಅಂಗೈ ನೋಡಿಕೊಂಡ.
"ಒಂದು, ಹನ್ನೊಂದು ಈಟಿಗೆ.
ಒಂದು, ಬೆಳಗಿನ ಗಂಟೆಯಿಂದ ದೀಪ ಹಚ್ಚುವ ತನಕ.
ದುರ್ಬೀನಿನಲ್ಲಿ ಸದ್ದು ಬರುವುದಿಲ್ಲ, ಗೊತ್ತಲ್ಲ.
ಮರಿ ಜೊತೆಗಿದ್ದದ್ದು ಒಂದು..."
ಅಲ್ಲಿಗೆ ನಿಲ್ಲಿಸಿ ನೀರು ಕೇಳಿದ.

ಲೋಟ ತರುವಷ್ಟರಲ್ಲಿ ಖಾನೆ ಖಾಲಿ ಇರಲಿಲ್ಲ.
ಒಂದೇ ಬೆರಳಲ್ಲಿ ಒತ್ತಿದ್ದ, ಒಂಬತ್ತು, ಒಂಬತ್ತು, ಒಂಬತ್ತು,
ಜಾಗ ಮುಗಿಯುವವರೆಗೆ.
ಗುಂಡು ತಾಗಿದರೆ ಕಬ್ಬಿಣದ ಹಾಗೆ ಸಿಡಿಯುತ್ತದೆ,
ಇದು ನಿಜವಲ್ಲ, ಎಂದೆ.
"ಅಲ್ಲ. ನೀನು ಉಸಿರು ಸರಿಮಾಡು.
ನಿಜ ಅಲ್ಲಿರಲಿ."

ರಾತ್ರಿ ಹಾರಿಸಿ ನೋಡಿದೆ.
ಅಜ್ಜ ಅದೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.
ನಲವತ್ತೊಂದನೇ ನಿಮಿಷಕ್ಕೆ ಇಂಧನದ ಕೆಂಪು ದೀಪ.
ಇಂಜಿನ್ ನಿಂತಿತು.
ಬರೀ ಗಾಳಿಯನ್ನು ನಂಬಿ ರೆಕ್ಕೆಗಳು ಇಳಿಯತೊಡಗಿದವು;
ಜಿಗಿಯುವ ಗುಂಡಿ ನಾನು ಒತ್ತಲಿಲ್ಲ.
ನೀರು ಹತ್ತಿರವಾಯಿತು, ಇನ್ನೂ ಹತ್ತಿರ.

ಬಲಗಡೆ, ದೂರ, ಒಂದು ಬಿಳಿ ಪೊದೆ.
ಎಡಕ್ಕೆ ವಾಲಿತ್ತು.

ಪರದೆಯ ಬೆಳಕಿನಲ್ಲಿ ಕಣ್ಣು ತೆರೆದ ಅಜ್ಜನ ಕೈ
ಬಾಣದ ಬತ್ತಿ ಹುಡುಕುವ ಹಾಗೆ ಮೇಲೆದ್ದಿತು,
ಗಾಳಿಯಲ್ಲಿ ನಿಂತಿತು,
ಮೆಲ್ಲಗೆ ತೊಡೆಯ ಮೇಲೆ ಇಳಿಯಿತು.