ರುಚಿ ನೋಡೋ ಮೀನು

ಗುತ್ತಲು ರಸ್ತೆಯ ಬಾಡಿಗೆ ಕೋಣೆ. ಟಿವಿಯೊಳಗೆ
ಏಳು ಕೋಟೆ ಸುಟ್ಟಿದ್ದಾನೆ ಮಾಂತ್ರಿಕ.
ನನ್ನ ವೀರ ಮಾತ್ರ ಕತ್ತಿಯನ್ನು ಬೆನ್ನಿಗೆ ಸಿಕ್ಕಿಸಿ
ಕೆರೆ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದಾನೆ,
ಮೂರು ದಿನದಿಂದ.

ಸಣ್ಣತಮ್ಮಯ್ಯ ಮಾವ ಮಹದೇವಪುರದಿಂದ ಬಂದವರು,
ಆಸ್ಪತ್ರೆಗೆ. ಒಂದು ಕಣ್ಣಿಗೆ ಹಸಿರು ಬಟ್ಟೆ.
ಇನ್ನೊಂದರಲ್ಲಿ ನೋಡಿದರು:
'ಎರೆಹುಳ ಎಲ್ಲಿಟ್ಟಿದ್ದೀಯ್ಲಾ?'
ಬೇಡ ಮಾವ, ಗುಂಡಿ ಒತ್ತಿದರೆ ಸಾಕು.
ತಲೆ ಮೇಲೆ ಆಶ್ಚರ್ಯಚಿಹ್ನೆ ಬಂತೋ, ಕಚ್ಚಿತು ಅಂತ.
'ಡಂಗೂರ ಹೊಡಿಸ್ಕಂಡು ಕಚ್ತದಾ ಮೀನು!'

ಎಳೆದೆ. ಕಂಟ್ರೋಲರ್ ಗುರ್ರೆಂದಿತು. ಹಳದಿ ಗೀಟು
ಪಟ್ಟಿಯೊಳಗೇ ನಿಲ್ಲಬೇಕು, ನಿಂತಿತು.
ನೀಲಿ ಮೀನು, ಎರಡು ಕೇಜಿ, ನೂರಿಪ್ಪತ್ತು ನಾಣ್ಯ.
ಮುಳ್ಳಿಲ್ಲ, ನಾತವಿಲ್ಲ,
ಚೀಲ ಒದ್ದೆಯಾಗಲಿಲ್ಲ.

'ತಾ ಇಲ್ಲಿ.'
ಬೀಡಿ ಸುಟ್ಟ ಹೆಬ್ಬೆರಳಿಗೆ ಗುಂಡಿ ತೋರಿಸಿದೆ.
ಗಾಳ ಬಿತ್ತು. ಬೆಂಡು ಅಲುಗಿತು.
ಆಶ್ಚರ್ಯಚಿಹ್ನೆ ಬಂತು. ಹೋಯಿತು.
ಒತ್ತಿ ಮಾವ, ಒತ್ತಿ!
'ಸುಮ್ಕಿರ್ಲಾ. ಇದು ರುಚಿ ನೋಡೋ ಮೀನು.
ದೊಡ್ಡದು ಹಿಂದೆ ಬತ್ತದೆ.'

ಆಟದಲ್ಲಿ ಸಂಜೆಯಾಯಿತು, ರಾತ್ರಿಯಾಯಿತು,
ತೋಳವೊಂದು ಕೂಗಿತು, ಬೆಳಗಾಯಿತು.
ಆ ಕೆರೆಗೆ ದೊಡ್ಡ ಮೀನನ್ನು ಯಾರೂ ಬರೆದೇ ಇಲ್ಲ,
ನನಗೆ ಗೊತ್ತು. ಹೇಳಲಿಲ್ಲ.
ಅವರ ಮೊಣಕಾಲ ಬಳಿ ಕೂತೆ.
ಎಂಟನೆಯ ಕೋಟೆ ಉರಿಯುತ್ತಿರಬೇಕು ಎಲ್ಲೋ.

ಮಾವ ಬೆಂಡಿನಿಂದ ಕಣ್ಣು ಕೀಳದೆ,
ನೀರೊಳಗೆ ಕೇಳಿಸಬಾರದೆಂಬಂತೆ ಪಿಸುಗುಟ್ಟಿದರು:
'ಫ್ಯಾನ್ ಆರ್ಸ್ಲಾ.'